ಮುಳವಾಡ ಸೀಮೆಯ ಮದುವೆ ಮೀಮಾಂಸೆ

ಈ ಪ್ರಬಂಧದ ವ್ಯಾಪ್ತಿ ಮುಳವಾಡ ಏತ ನೀರಾವರಿಯ ಸೀಮೆ: ಬಸವನಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ. ಕಾಲುವೆ ಎಲ್ಲಿ ನಿಂತಿದೆಯೋ ನಮ್ಮ ಸಿದ್ಧಾಂತವೂ ಅಲ್ಲಿಗೇ ನಿಲ್ಲುತ್ತದೆ.

ಪೂರ್ವಪಕ್ಷ ಕಾದಂಬರಿಕಾರರದು. ಅವರಲ್ಲಿ ಪ್ರೀತಿಯೇ ಕಥೆ, ಹಿರಿಯರು ಗೊತ್ತುಮಾಡಿದ ಲಗ್ನ ಕಥೆಗೆ ಬಂದ ವಿಘ್ನ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನೋಡಿ. ಒಲ್ಲದ ಮದುವೆ ತಪ್ಪಿಸಿಕೊಳ್ಳಲು ಚಿನ್ನಮ್ಮ ರಾತ್ರೋರಾತ್ರಿ ಕಾಡು ಹೊಕ್ಕಳು. ಸರಿ, ಮಲೆನಾಡಿನಲ್ಲಿ ಹೊಗಲು ಕಾಡಿದೆ. ನಮ್ಮಲ್ಲಿರುವುದು ಎರಿಹೊಲ. ಬಿಳಿಜೋಳ ಎದೆಮಟ್ಟ ನಿಂತ ಒಂದೆರಡು ತಿಂಗಳು ಬಿಟ್ಟರೆ, ಓಡಿಹೋಗುವ ಜೋಡಿಯನ್ನು ಹರದಾರಿ ದೂರದಿಂದಲೇ ಕಾಕಾ ಗುರುತು ಹಿಡಿಯುತ್ತಾನೆ. ಆದ್ದರಿಂದ ಪ್ರಥಮ ಸೂತ್ರ: ಕಾಡಿದ್ದಲ್ಲಿ ಪ್ರೇಮ, ಬಯಲಿದ್ದಲ್ಲಿ ಬೀಗತನ.

ಪಿಸುಮಾತಿಗೂ ಇಲ್ಲಿ ಜಾಗವಿಲ್ಲ. ವಿಜಯಪುರದ ಗೋಳಗುಮ್ಮಟದ ಮೇಲೆ ಪಿಸುಗುಟ್ಟಿದ್ದು ಎದುರು ಗೋಡೆಗೆ ನಿಂತವರ ಕಿವಿಗೆ ಮುಟ್ಟುತ್ತದೆ. ಎದುರಿಗೆ ನಿಂತವರು ಹುಡುಗಿಯ ಸೋದರಮಾವನಾಗಿದ್ದರೆ ಸಂಶೋಧನೆ ಅಲ್ಲಿಗೆ ಮುಗಿಯಿತು. ಕೆಳಗೆ ಮಹಮ್ಮದ್ ಆದಿಲ್‌ಶಾಹನ ಹತ್ತಿರ ಬೇಗಂಗಳೂ ಮಲಗಿದ್ದಾರೆ, ಪ್ರೇಯಸಿ ರಂಭೆಯೂ. ತೌಲನಿಕ ಅಧ್ಯಯನಕ್ಕೆ ಹೇಳಿ ಮಾಡಿಸಿದ ಆಕರ, ಬಾಯಿಬಿಡುತ್ತಿಲ್ಲ ಅಷ್ಟೆ.

ಇನ್ನು ಉತ್ತರಪಕ್ಷ. ಕನ್ಯಾ ನೋಡಲು ಬಂದವರ ಮುಂದೆ ಚಹಾ ಇಟ್ಟ ಮೇಲೆ ನಡೆಯುವ ಶಾಸ್ತ್ರಾರ್ಥ ಇದು:

“ಹೊಲಕ್ಕ ನೀರ್ ಬಂದೈತೇನ್ರಿ?”

“ಕಾಲುವಿ ಬಂದೈತ್ರಿ.”

“ನಾ ಕೇಳಿದ್ದು ನೀರ್ರಿ.”

“ಆಲಮಟ್ಟಿ ಡ್ಯಾಂ ತುಂಬೈತಿ, ಕಾಲುವಿ ಆಗೇತಿ. ಇನ್ನ ನೀರು ಬರದ ಎಲ್ಲಿಗೆ ಹೋಗ್ತೈತ್ರಿ, ಮಾವಾರ?”

ಹೀಗೆ ಉತ್ತರ ಕೊಟ್ಟವನು ವರನಲ್ಲ, ಮಧ್ಯಸ್ಥ. ಬಾರದ ನೀರಿನಲ್ಲಿ ಕಬ್ಬು ಬೆಳೆದು, ಅದನ್ನು ಕಾರ್ಖಾನೆಗೂ ಕಳಿಸಿ, ಬಿಲ್ಲು ಕೈಗೆ ಬರುವಷ್ಟರಲ್ಲಿ ಸಕ್ಕರೆ ಹಂಚಿಸುವ ಕಲೆಗೆ ಅಲಂಕಾರಶಾಸ್ತ್ರದಲ್ಲಿ ಅತಿಶಯೋಕ್ತಿ ಎನ್ನುತ್ತಾರೆ. ಈ ಸೀಮೆಯ ನಿಜವಾದ ಕಾದಂಬರಿಕಾರ ಇವನೇ. ಪಾತ್ರಗಳು ಮಾತ್ರ ಅಕ್ಕಿಕಾಳು ಬಿದ್ದ ಮೇಲೆ ಓದಲು ಶುರುಮಾಡುತ್ತವೆ.

ಸಿದ್ಧಾಂತಕ್ಕೆ ಅಡ್ಡ ಬರುವ ಆಕರ ಒಂದಿದೆ, ಅದನ್ನು ಮುಚ್ಚಿಡುವುದು ವಿದ್ವತ್ತಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದ ಕಲ್ಯಾಣದಲ್ಲಿ, ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಸಮಗಾರ ಹರಳಯ್ಯನವರ ಮಗನಿಗೆ ಕೊಟ್ಟರು. ಬಿಜ್ಜಳ ಆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟನೆಂದು ಪರಂಪರೆ ಹೇಳುತ್ತದೆ. ಗಮನಿಸಬೇಕು: ಅಲ್ಲಿ ಯಾರೂ ಓಡಿಹೋಗಿರಲಿಲ್ಲ. ಹಿರಿಯರೇ ಕೂತು, ಹಿರಿಯರೇ ಒಪ್ಪಿ ಮಾಡಿದ ಲಗ್ನ. ಕಲ್ಯಾಣ ಹತ್ತಿ ಉರಿದದ್ದು ಅದಕ್ಕೆ.

ಅಂದಮೇಲೆ ಹಿರಿಯರು ಪ್ರೀತಿಗೆ ಅಂಜುತ್ತಾರೆಂಬ ಪೂರ್ವಪಕ್ಷ ಬಿದ್ದುಹೋಯಿತು. ಸೋದರಮಾವನ ಮಗಳನ್ನು ಪ್ರೀತಿಸಿ ನೋಡಿ, ಮರುದಿನವೇ ಹಂದರ ಹಾಕಿಸುತ್ತಾರೆ. “ಸಣ್ಣಾವಿದ್ದಾಗಿಂದ ಇಬ್ಬರದೂ ಭಾಳ ಜೀವ” ಎಂದು ಊರಿಗೆಲ್ಲ ಹೇಳಿಕೊಂಡೂ ಬರುತ್ತಾರೆ. ಅದೇ ಜೀವ ಎರಡು ಓಣಿ ದಾಟಿ ಬೇರೆ ಜಾತಿಯ ಮನೆ ಮುಂದೆ ನಿಂತಿತೋ, ಅದಕ್ಕೆ ಲವ್ ಎಂದು ಹೆಸರು, ಕೈಯಲ್ಲಿ ಬಡಿಗೆ.

ಪ್ರಬಂಧದ ಈ ಭಾಗವನ್ನು ಊರ ಕಟ್ಟೆಯ ವಿದ್ವತ್ಸಭೆಯಲ್ಲಿ ಮಂಡಿಸಲಾಯಿತು. ಎಲ್ಲರೂ ತಲೆದೂಗಿದರು. ಚರ್ಚೆಗೆ ಬಂದ ಪ್ರಶ್ನೆ ಒಂದೇ:

“ಎಲ್ಲಾ ಖರೇ ಅದರಿ ಸರ. ನೀವು ಯಾರ ಪೈಕಿ?”