ರೇಟ್ ಹೇಳದ ರೇಟ್ ತಜ್ಞ

ಪ್ರತಿ ಬಡಾವಣೆಗೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನೀವು ಹಳೆಯ ಸ್ಕೂಟರ್ ಕೊಳ್ಳಲಿ, ಫ್ರಿಜ್ ಮಾರಲಿ, ವ್ಯವಹಾರ ಕುದುರುವ ಮೊದಲೇ ಗೇಟಿನ ಬಳಿ ಹಾಜರು. ತಾವು ಕೊಳ್ಳುವುದಿಲ್ಲ, ಮಾರುವುದಿಲ್ಲ, ಕಮಿಷನ್ ಮುಟ್ಟುವುದಿಲ್ಲ. ಕಾಫಿ ಮಾತ್ರ ಎರಡು ಸಲ, ಸಕ್ಕರೆ ಕಡಿಮೆ. ನೀವು ಕೊಂಡದ್ದರ ಬೆಲೆ ಕೇಳಿ, "ಅಯ್ಯೋ, ನನಗೊಂದು ಮಾತು ಹೇಳಬಾರದಿತ್ತಾ!" ಎನ್ನುತ್ತಾರೆ. ಮಾರಿದ್ದರ ಬೆಲೆ ಕೇಳಿದರೂ ಅದೇ ಮಾತು.

ನನ್ನ ಪಾಲಿಗೆ ಬಂದವರು ನಿವೃತ್ತ ಟರ್ನರ್. ಪೀಣ್ಯದ ಕಾರ್ಖಾನೆಯಲ್ಲಿ, ಲೋಹ ಕಡೆಯುವ ಲೇತ್ ಮುಂದೆ ನಿಂತೇ ತಲೆ ಬೆಳ್ಳಗಾದವರು. ಕೈಗೆ ಏನೇ ಸಿಗಲಿ, ಹೆಬ್ಬೆರಳು ತಾನಾಗಿ ಅದರ ಅಂಚು ಸವರುತ್ತದೆ. ಮಸಾಲೆ ದೋಸೆಗೂ ವಿನಾಯಿತಿಯಿಲ್ಲ. ಎಲ್ಲರ ಬಾಯಲ್ಲೂ ಅವರು ಮೇಸ್ತ್ರಿ.

ನನ್ನದು ಮೇಜಿನ ಮೇಲೆ ಕೂರುವ ಚೀನಾದ ಮಿನಿ ಲೇತ್. 7 ಇಂಚು ಸ್ವಿಂಗ್, 14 ಇಂಚು ಉದ್ದ, ತೂಕ 40 ಕೆಜಿ ಆಸುಪಾಸು. ಹೊಸದಕ್ಕೆ 90,000 ಕೊಟ್ಟಿದ್ದೆ. ಪುಟ್ಟ ಉಗಿ ಎಂಜಿನ್ ಮಾಡುತ್ತೇನೆಂದು ಮನೆಯಲ್ಲಿ ಘೋಷಿಸಿ, ಹಿತ್ತಾಳೆ ಬುಗುರಿಗಳನ್ನು ಮಾಡಿ ನೆಂಟರ ಮಕ್ಕಳಿಗೆ ಹಂಚಿದೆ. ಆಮೇಲೆ ನೆಂಟರು ಬರುವುದು ಕಡಿಮೆಯಾಯಿತು. ಲೇತ್ ಮಾರುವುದೆಂದು ತೀರ್ಮಾನವಾಯಿತು, ತೀರ್ಮಾನ ನನ್ನದಲ್ಲ.

ಹಳೆಯ ಬನಿಯನ್ನಿನಲ್ಲಿ ಸುತ್ತಿದ ಡಯಲ್ ಗೇಜ್ ಹಿಡಿದು ಮೇಸ್ತ್ರಿ ಬಂದರು. ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನಂತೆ ಒಂದು ಸುತ್ತು ಹಾಕಿದರು. ಮೋಟಾರ್ ಮೂಸಿದರು. ಚಕ್ಕನ್ನು ಕೈಯಲ್ಲೇ ತಿರುಗಿಸಿ ಗೇಜಿನ ಮುಳ್ಳು ನೋಡಿದರು. ಕ್ರಾಸ್ ಸ್ಲೈಡಿನ ಹ್ಯಾಂಡಲ್ ಅಲ್ಲಾಡಿಸಿ, "ಪ್ಲೇ ಇದೆ" ಎಂದರು. ಆಮೇಲೆ ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಕ್ಯಾರೇಜನ್ನು ಚಕ್ಕಿನ ಹತ್ತಿರ ತಂದು, ಬಿಗಿ ಮಾಡಿ, ನಿಧಾನವಾಗಿ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ತಳ್ಳಿದರು.

"ಎಲ್ಲರೂ ಕೆಲಸ ಮಾಡೋದು ಚಕ್ಕಿನ ಪಕ್ಕದಲ್ಲೇ. ಬೆಡ್ ಸವೆಯೋದೂ ಅಲ್ಲೇ. ಇಲ್ಲಿ ಸರಿಯಾಗಿ ಬಿಗಿ ಮಾಡಿದ್ದು ಆ ತುದಿಯಲ್ಲಿ ಕಚ್ಚಿಕೊಂಡರೆ ಬೆಡ್ ಹೋಗಿದೆ ಅಂತಲೇ."

ಕ್ಯಾರೇಜ್ ಎಲ್ಲೂ ಕಚ್ಚದೆ ಸರಾಗವಾಗಿ ಜಾರಿತು. ನಾನು ಉಬ್ಬಿದೆ.

"ಕೆಲಸವೇ ಮಾಡಿಲ್ಲ ಅನ್ನಿ," ಎಂದರು ಮೇಸ್ತ್ರಿ.

"ರೇಟ್ ಎಷ್ಟು ಹೇಳಲಿ?"

"ಹೇಳೋಣ, ಹೇಳೋಣ." ಮೊದಲ ಕಾಫಿ ಬಂತು. ಕಾಫಿಯ ಜೊತೆಗೆ 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಬಂತು, 1953ರ ಎಚ್‌ಎಂಟಿ ಬಂತು. "ಅವು ಲೇತು ಸಾರ್," ಎಂದು ನನ್ನದರ ಪ್ಲಾಸ್ಟಿಕ್ ಗೇರುಗಳ ಕಡೆ ನೋಡಿ ಸುಮ್ಮನಾದರು. ಆದರೂ ಅವನ್ನು ಒಂದೊಂದಾಗಿ ಎಣಿಸಿಟ್ಟರು. ಒಂದು ಕಳೆದರೂ ಕೆಲವು ಥ್ರೆಡ್‌ಗಳನ್ನು ಹಾಕಲಾಗದು.

ಎರಡನೆಯ ಕಾಫಿಗೆ ಲೆಕ್ಕ ಶುರುವಾಯಿತು. ಗುಜರಿಯವನ ರೇಟ್: 40 ಕೆಜಿ, ಕೆಜಿಗೆ 30ರಂತೆ 1,200. ಮಾಲೀಕನ ರೇಟ್: ಹೊಸದಕ್ಕೆ ಕೊಟ್ಟದ್ದು, ಜೊತೆಗೆ ಅವನ ಪ್ರೀತಿ. ಕೊಳ್ಳುವವನ ರೇಟ್: ಹೊಸದರ ಬೆಲೆಯಲ್ಲಿ ರಿಪೇರಿ ಕಳೆ, ಟೆಂಪೋ ಬಾಡಿಗೆ ಕಳೆ, ಗ್ಯಾರಂಟಿ ಇಲ್ಲದ ಭಯ ಕಳೆ. ನಾಲ್ಕು ದವಡೆಯ ಚಕ್, ಸ್ಟೆಡಿ ರೆಸ್ಟ್, ಟೂಲ್‌ಗಳ ಡಬ್ಬಿ ಬೇರೆಯೇ ಲೆಕ್ಕ. ಬಿಡಿಯಾಗಿ ಕೊಳ್ಳಲು ಹೋದರೆ ಅವೇ ಲೇತಿನ ಅರ್ಧ ಬೆಲೆ ನುಂಗುತ್ತವೆ. 1,200ಕ್ಕೂ 90,000ಕ್ಕೂ ನಡುವೆ ಎಲ್ಲೋ ನನ್ನ ಲೇತಿನ ಬೆಲೆ ಇದೆ ಎಂಬಷ್ಟು ನನಗೆ ತಿಳಿಯಿತು. ಅಷ್ಟು ಮೊದಲೇ ಗೊತ್ತಿತ್ತು.

ಗಿರಾಕಿಯಾಗಿ ಬಂದವನು ಎಂಜಿನಿಯರಿಂಗ್ ಓದುವ ಹುಡುಗ. ಮೇಸ್ತ್ರಿ ನನ್ನ ಕುರ್ಚಿಯಲ್ಲೇ ಕೂತು, ನನ್ನ ಲೇತಿನ ಐಬುಗಳನ್ನೆಲ್ಲ ಅವನ ಮುಂದೆ ಬಿಚ್ಚಿಟ್ಟರು. "ಮೋಟಾರಿನ ಬೋರ್ಡ್ ಒಂದು ಸಲ ಸುಟ್ಟು ಬದಲಾಗಿದೆ." ಅದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ! ಹೊಸ ಸ್ಕ್ರೂ ನೋಡಿ ಪತ್ತೆ ಮಾಡಿದ್ದರಂತೆ. ನಾನು ಕಣ್ಣು ಕೆಂಪಗೆ ಮಾಡುತ್ತಿರುವಾಗಲೇ ಅದೇ ದನಿಯಲ್ಲಿ ಗುಣಗಳನ್ನೂ ಹೇಳಿದರು: ಬೆಡ್ ಸವೆದಿಲ್ಲ, ಸ್ಪಿಂಡಲ್ ಸರಿಯಾಗಿದೆ, ಗೇರ್ ಸೆಟ್ ಪೂರ್ತಿ ಇದೆ. ಹುಡುಗ ಯೋಚಿಸಿ 45,000 ಎಂದ.

"ಸರಿಯಾದ ರೇಟ್," ಎಂದರು ಮೇಸ್ತ್ರಿ.

ಟೆಂಪೋ ಹೋದ ಮೇಲೆ ತಡೆಯಲಾರದೆ ಕೇಳಿದೆ: "ಇದನ್ನೇ ಮೊದಲು ಹೇಳಬಹುದಿತ್ತಲ್ಲ?"

"ಹೇಳಿದ್ದರೆ ನೀವು ಅದರ ಮೇಲೆ ಹತ್ತು ಸಾವಿರ ಸೇರಿಸುತ್ತಿದ್ದಿರಿ. ಹುಡುಗ ವಾಪಸ್ ಹೋಗುತ್ತಿದ್ದ."

ನಿಜ. ಈಗ ಅದೇ ಹುಡುಗ ಭಾನುವಾರಗಳಲ್ಲಿ ಮೇಸ್ತ್ರಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಟೂಲ್ ಮಸೆಯುವುದನ್ನು ಕಲಿಯುತ್ತಿದ್ದಾನೆ. ಕಾರ್ಖಾನೆಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಂದ ಮೇಲೆ ಅವರ ಕೈಯ ಕಸುಬನ್ನು ಯಾರೂ ಕೇಳಿರಲಿಲ್ಲ. ಊರಿನ ಹಳೆಯ ಸಾಮಾನಿಗೆಲ್ಲ ಬೆಲೆ ಕಟ್ಟುವ ಮನುಷ್ಯ, ತಮ್ಮ ಅರ್ಧ ದಿನಕ್ಕೆ ಇಷ್ಟು ಎಂದು ಯಾರನ್ನೂ ಕೇಳಿದವರಲ್ಲ. ನಾವೂ ಕೊಟ್ಟವರಲ್ಲ.

ಹಳೆಯ ಲೇತ್ ಕೊಳ್ಳುವವರು ಇಂಥವರನ್ನು ಹುಡುಕಿ ಕರೆದೊಯ್ಯಿರಿ. ಮಾರುವವರು, ಅವರು ಊರಲ್ಲಿಲ್ಲದ ದಿನ ನೋಡಿ ಮಾರಿ. ಎರಡೂ ಪಕ್ಷದವರು ಕಾಫಿಯ ಜೊತೆಗೆ ಒಂದು ಐನೂರರ ನೋಟನ್ನೂ ಕೈಗಿಡಿ. ಬೇಡ ಎನ್ನುತ್ತಾರೆ, ಆದರೂ ಕೊಡಿ.