ಗೋಡೆಗೆ ಗೇಜಿಲ್ಲ

ನಿವೃತ್ತರಾದ ಮೇಲೆ ಕೆಲವರು ವಾಕಿಂಗ್ ಹಿಡಿಯುತ್ತಾರೆ, ಕೆಲವರು ಷೇರು ಹಿಡಿಯುತ್ತಾರೆ, ಇನ್ನು ಕೆಲವರು ದಾರಿಯಲ್ಲಿ ಹೋಗುವವರನ್ನೇ ಹಿಡಿಯುತ್ತಾರೆ. ನಮ್ಮ ಬೀದಿಯ ರಾಯರು ಹಿಡಿದದ್ದು ರೈಲು. ಕೊಂಡದ್ದು ಅಂಗೈಯಗಲದ ಆಟದ ರೈಲಾದರೂ, ಮಹಡಿಯ ಕೋಣೆಯಲ್ಲಿ ಕಟ್ಟಲು ಹೊರಟದ್ದು ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಇಡೀ ಘಾಟಿ. ಅಸಲಿ ಘಾಟಿಯಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ರಾಯರಲ್ಲಿ ಸದ್ಯಕ್ಕಿರುವುದು ಒಂದು ತಡೆಗೋಡೆ. ಅದೂ ಮುಗಿದಿಲ್ಲ.

ಈ ಜಾತಿಯವರನ್ನು ನೀವೂ ಕಂಡಿರುತ್ತೀರಿ. ಕಂಡದ್ದನ್ನೆಲ್ಲ 87ರಿಂದ ಭಾಗಿಸುತ್ತಾರೆ; ಅದೇ ಗುರುತು. ಇಂಥ ಪುಟ್ಟ ರೈಲುಗಳ ಎಚ್‌ಒ ಅಳತೆ ಎಂದರೆ 1:87. "ಒಂದಡಿ ಸೈಜುಗಲ್ಲು ನಮ್ಮಲ್ಲಿ ಮೂರೂವರೆ ಮಿಲಿಮೀಟರು ಸಾರ್" ಎನ್ನುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಎರಡು ಸೆಂಟಿಮೀಟರಿಗೆ ಚೂರು ಕಮ್ಮಿ" ಎಂದುಬಿಟ್ಟರು. ಅವತ್ತಿನಿಂದ ಅವರೆದುರು ನಾನು ಜೋರಾಗಿ ಮಾತಾಡಿಲ್ಲ.

ಗೋಡೆಗೆ ಬಳಸುವುದು ಫೋಮು. ಅಪ್ಪಿತಪ್ಪಿ ಥರ್ಮಾಕೋಲ್ ಎಂದೀರಿ, ಜೋಕೆ! ಟಿ.ವಿ. ಡಬ್ಬದೊಳಗಿನ ಥರ್ಮಾಕೋಲನ್ನು ಕೊಯ್ದರೆ ಸಬ್ಬಕ್ಕಿ ಚೆಲ್ಲಿದ ಹಾಗೆ ಮನೆಯೆಲ್ಲ ಉದುರುತ್ತದೆ, ಗೆರೆ ನಿಲ್ಲುವುದಿಲ್ಲ. ರಾಯರಿಗೆ ಬೇಕಾದದ್ದು ಎಕ್ಸ್‌ಪಿಎಸ್, ಎಂದರೆ ತಾರಸಿಯ ಬಿಸಿಲು ಕೆಳಗಿಳಿಯದಂತೆ ಹಾಸುವ ಒತ್ತಾದ ಹಲಗೆ. ಅದರ ಮೇಲೆ ಶಾಯಿ ಮುಗಿದ ಬಾಲ್‌ಪೆನ್ನು ಒತ್ತಿ ಎಳೆದರೆ ಸಂದು ಬೀಳುತ್ತದೆ. ಮೊದಲು ಅಡ್ಡಸಾಲು, ಆಮೇಲೆ ಒಂದೊಂದೇ ಉದ್ದಗೆರೆ. ಕೆಳಸಾಲಿನ ಸಂದಿನ ನೇರಕ್ಕೆ ಮೇಲಿನ ಸಂದು ಬರಕೂಡದು; ಯಾವ ಗಾರೆಯವನೂ ಹಾಗೆ ಕಟ್ಟುವುದಿಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಮೇಲೆಲ್ಲ ಒತ್ತುತ್ತಾರೆ, ಉಳಿಯೇಟಿನ ಗುರುತು ಮೂಡುತ್ತದೆ. ಅಲ್ಲೊಂದು ಇಲ್ಲೊಂದು ಕಲ್ಲನ್ನು ಪೆನ್ನಿನ ಹಿಂಬದಿಯಿಂದ ಒಳಕ್ಕೆ ನೂಕುತ್ತಾರೆ. ನೀರು ಬೆರೆಸಿದ ಕಪ್ಪು ಅಕ್ರಿಲಿಕ್ ಬಣ್ಣ ಸುರಿದರೆ ಅದು ತಾನಾಗಿಯೇ ಸಂದುಗಳಿಗೆ ಇಳಿದು ನಿಲ್ಲುತ್ತದೆ. ಒಣಗಿದ ಮೇಲೆ, ಬಣ್ಣ ಇದೆಯೋ ಇಲ್ಲವೋ ಎನ್ನುವಂಥ ಬ್ರಷ್ಷಿನಿಂದ ತಿಳಿಬೂದಿಯನ್ನು ಕಲ್ಲಿನ ಅಂಚುಗಳಿಗೆ ಸವರುತ್ತಾರೆ. ಆಗ ನೋಡಬೇಕು; ಬೆರಳಿಟ್ಟು ಮುಟ್ಟುವವರೆಗೂ ಅದು ಕಲ್ಲೇ.

ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೂ ಎಲ್ಲರನ್ನೂ ಕೂರಿಸುತ್ತಿದ್ದ ಮನುಷ್ಯ ಈಗ ಸೊಟ್ಟ ಗೆರೆಗೆ ಒದ್ದಾಡುತ್ತಾರೆ. "ಕೈ ಅಭ್ಯಾಸ ನೋಡಿ, ನೇರಕ್ಕೇ ಹೋಗುತ್ತೆ. ಎಲ್ಲಾ ಸಮವಾಗಿದ್ರೆ ಬಾತ್‌ರೂಮ್ ಟೈಲ್ಸು ಸಾರ್ ಅದು, ಘಾಟಿಯಲ್ಲ!"

ಅವರ ನಿಜವಾದ ಪ್ರೀತಿ ಕೊಳೆಯ ಮೇಲೆ. ತಡೆಗೋಡೆಯ ಹಿಂದೆ ಮಳೆನೀರು ನಿಂತರೆ ಗೋಡೆಯನ್ನೇ ಮುಂದಕ್ಕೆ ತಳ್ಳುತ್ತದೆ, ಅದಕ್ಕೇ ನೀರು ಬಸಿಯಲು ತೂತು ಬಿಟ್ಟಿರುತ್ತಾರೆ. ರಾಯರು ದಬ್ಬಳದಲ್ಲಿ ಆ ತೂತು ಕೊರೆದು, ಪ್ರತಿಯೊಂದರ ಕೆಳಗೂ ಕಂದು ಕಲೆ ಇಳಿಸಿ, ಬುಡಕ್ಕೆ ಪಾಚಿ ಬಳಿದಿದ್ದಾರೆ. ಇತ್ತ ಸ್ವಂತ ಮನೆಯ ಅಡುಗೆಕೋಣೆ ಎರಡು ಮಳೆಗಾಲದಿಂದ ಜಿನುಗುತ್ತಿದೆ. "ರೀ, ಅಲ್ಲಿ ಪಾಚಿ ಬಳಿಯೋ ಕೈಲಿ ಇಲ್ಲಿ ಚೂರು ಸುಣ್ಣ ಬಳೀಬಾರದಾ?" ಎಂದು ಮನೆಯಾಕೆ ಕೇಳಿದರೆ, ಹೌಹಾರಿದರಂತೆ: "ಮುಟ್ಟಬೇಡ ಕಣೇ! ಅದನ್ನ ನೋಡಿಕೊಂಡೇ ನಾನು ಬಣ್ಣ ಬೆರೆಸ್ತಿರೋದು."

ಒಮ್ಮೆ ಅವಸರಕ್ಕೆ ಸ್ಪ್ರೇ ಪೇಂಟ್ ಹೊಡೆದರು. ಅದರಲ್ಲಿರುವ ದ್ರಾವಕ ಫೋಮನ್ನು ತಿನ್ನುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು, ಕನ್ನಡಕ ಕೆಳಗಿತ್ತು. ಕಣ್ಣೆದುರೇ ಒಂದು ಗೇಣು ಗೋಡೆ ಕರಗಿ ಕುಸಿಯಿತು. ಇನ್ನೊಬ್ಬರಾಗಿದ್ದರೆ ಕಿತ್ತೆಸೆಯುತ್ತಿದ್ದರು. ರಾಯರು ಅದರ ಮೇಲೆ ಕೆಮ್ಮಣ್ಣು ಉದುರಿಸಿ, ಫೆವಿಕಾಲ್ ನೀರು ಚಿಮುಕಿಸಿ, ಪಕ್ಕದಲ್ಲೊಂದು ಪುಟ್ಟ ಫಲಕ ನೆಟ್ಟರು: 'ಗುಡ್ಡಕುಸಿತ, ಆಗಸ್ಟ್ 2018'. ಆ ವರ್ಷ ಘಾಟಿಯಲ್ಲಿ ನಿಜಕ್ಕೂ ಗುಡ್ಡ ಜರಿದು ವಾರಗಟ್ಟಲೆ ರೈಲು ನಿಂತಿತ್ತು. ಆಡಿಟ್ ಆಕ್ಷೇಪಣೆಗೆ ಉತ್ತರ ಬರೆದು ಪಳಗಿದ ಕೈ, ಸುಮ್ಮನೆಯೇ?

ಇನ್ನು ರೈಲು. ಅದು ಕಪಾಟಿನಲ್ಲಿದೆ, ಹಳಿಯಿಲ್ಲ. ಕಾರಣ ತಾತ್ವಿಕವಾದದ್ದು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ.; ನಮ್ಮ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ ಬರುವುದು 19.3. ಮೂರು ಮಿಲಿಮೀಟರಿನ ಸುಳ್ಳಿಗೆ ರಾಯರ ಆತ್ಮಸಾಕ್ಷಿ ಒಪ್ಪುವುದಿಲ್ಲ. ಹಾಗಾದರೆ 1996ಕ್ಕೆ ಮುಂಚಿನ ಮೀಟರ್‌ಗೇಜ್ ಕಾಲವನ್ನೇ ತೋರಿಸಬಹುದಲ್ಲ ಎಂದರೆ, ಅದಕ್ಕೆ ಹನ್ನೆರಡು ಮಿ.ಮೀ. ಹಳಿ ಯುರೋಪಿನಿಂದ ಬರಬೇಕು. ಅದರ ಬೆಲೆ ಕೇಳಿದ ಮೇಲೆ ಪಿಂಚಣಿ ಒಪ್ಪುವುದಿಲ್ಲ. ಹೀಗಾಗಿ ಗೋಡೆ ಬೆಳೆಯುತ್ತಿದೆ. ಗೋಡೆಗೆ ಗೇಜಿಲ್ಲ.

ಮೊನ್ನೆ ಮೊಮ್ಮಗ ಬಂದಿದ್ದ. ಗೋಡೆ ನೋಡಿದ, ಪಾಚಿ ನೋಡಿದ, ಕುಸಿದ ಗುಡ್ಡವನ್ನೂ ನೋಡಿದ. ಕಡೆಗೆ ತಾಳ್ಮೆಗೆಟ್ಟು, "ತಾತ, ರೈಲು ಯಾವಾಗ ಬರುತ್ತೆ?" ಎಂದ.

ರಾಯರು ಬ್ರಷ್ಷು ಕೆಳಗಿಡದೆ, ಫಲಕದ ಕಡೆ ಗಲ್ಲ ತೋರಿಸಿದರು: "ಹೇಗೆ ಬರುತ್ತೋ ಪುಟ್ಟಾ? ಲೈನ್ ಕ್ಲಿಯರ್ ಆಗಬೇಡವಾ!"