ಷಡ್ಡಕನ ಯಂತ್ರಶಾಲೆ

ಮನೆಯಲ್ಲಿಯೇ ಯಂತ್ರವೊಂದನ್ನು ಕಟ್ಟಹೊರಟ ಮನುಷ್ಯನನ್ನು ಗುರುತಿಸುವುದು ಕಷ್ಟದ ಕೆಲಸವಲ್ಲ. ಪರರ ಮನೆಗೆ ಹೋದಾಗ ಅವನು ಕುರ್ಚಿಯ ಮೇಲೆ ಕೂರುವುದಕ್ಕೆ ಮುಂಚೆ ಅದರ ಬೆನ್ನು ಹಿಡಿದು ಒಮ್ಮೆ ಅಲುಗಿಸುತ್ತಾನೆ. ಎದುರಿಗೆ ತಂದಿಟ್ಟ ಕಾಫಿ ಆರುತ್ತಿದ್ದರೂ ಅದನ್ನಿಟ್ಟ ಮೇಜಿನ ಮೂಲೆ ಮೂಲೆಮಟ್ಟಕ್ಕೆ ಸರಿಯಾಗಿದೆಯೋ ಇಲ್ಲವೋ ಎಂಬ ಜಿಜ್ಞಾಸೆಯಲ್ಲಿ ಮಗ್ನನಾಗಿರುತ್ತಾನೆ. ಬೀದಿಯಲ್ಲಿ ನಡೆಯುವಾಗ ಗುಜರಿ ಅಂಗಡಿ ಎದುರಾದರೆ, ದೇವಸ್ಥಾನದ ಮುಂದೆ ಹಾಯುವ ಭಕ್ತನಂತೆ, ಅವನ ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ಈ ಪಂಗಡ ಈಚೆಗೆ ವೃದ್ಧಿಯಾಗುತ್ತಿದೆಯೆಂದು ನನ್ನ ಗುಮಾನಿ. ಇವರನ್ನು ಕುರಿತು ಸಾಮಾನ್ಯ ಧೋರಣೆಯಲ್ಲಿ, ನಿರ್ಲಿಪ್ತನಾಗಿ ಬರೆಯಬೇಕೆಂಬುದು ನನ್ನ ಸಂಕಲ್ಪವೇನೋ ಹೌದು. ಆದರೆ ನನ್ನ ಹೆಂಡತಿಯ ತಂಗಿಯ ಕೈಹಿಡಿದವನೇ ಈ ಪಂಗಡದ ಅಗ್ರಗಣ್ಯನಾಗಿ, ಭಾನುವಾರದ ಬೆಳಗುಗಳೆಲ್ಲ ಅವನ ಟೇಪಿನ ಇನ್ನೊಂದು ತುದಿಯನ್ನು ಹಿಡಿದು ನಿಲ್ಲುವುದರಲ್ಲಿಯೇ ನನಗೆ ಕಳೆದುಹೋಗುತ್ತಿರುವಾಗ, ನಿರ್ಲಿಪ್ತತೆ ಎಲ್ಲಿಂದ ಬರಬೇಕು?

ಅವನು ಕಟ್ಟುತ್ತಿರುವುದು ಸಿ.ಎನ್.ಸಿ. ರೌಟರು. ಕಂಪ್ಯೂಟರಿನ ಅಪ್ಪಣೆಯಂತೆ ಮರವನ್ನು ಕೊರೆಯುವ ಯಂತ್ರ. ಇದರ ತತ್ತ್ವವನ್ನು ನಾನು ಅವನಿಂದ ಉಪದೇಶ ಪಡೆದದ್ದು ಬಂಧುಗಳೊಬ್ಬರ ಮನೆಯ ಉಪನಯನದ ಪಂಕ್ತಿಯಲ್ಲಿ. ಸಾರಿನಲ್ಲಿ ಬೆರಳದ್ದಿ ಬಾಳೆಯೆಲೆಯ ಮೇಲೆ ಎಕ್ಸ್, ವೈ ಎಂಬ ಎರಡು ಅಕ್ಷಗಳನ್ನು ಎಳೆದು, ಝಡ್ ಅಕ್ಷಕ್ಕಾಗಿ ನುಗ್ಗೇಕಾಯಿಯ ತುಂಡೊಂದನ್ನು ಅನ್ನದ ಗುಡ್ಡೆಯಲ್ಲಿ ನೆಟ್ಟಗೆ ನಿಲ್ಲಿಸಿ, ಕೆಳಗೆ ಬೆಡ್ಡು, ಅದರ ಮೇಲೆ ಹಿಂದೆ ಮುಂದೆ ಸರಿಯುವ ಗ್ಯಾಂಟ್ರಿಯೆಂಬ ಅಡ್ಡತೊಲೆ, ಆ ತೊಲೆಯ ಮೇಲೆ ಎಡಬಲಕ್ಕೆ ಓಡಾಡುತ್ತ ಏರಿಳಿಯುವ ಸ್ಪಿಂಡಲು, ಅದರ ತುದಿಯಲ್ಲಿ ನಿಮಿಷಕ್ಕೆ 24,000 ಸುತ್ತು ಸುತ್ತುವ ಬಿಟ್ಟು, ಹೀಗೆ ಸಮಗ್ರ ಸೃಷ್ಟಿಯನ್ನು ಅವನು ನನ್ನ ಎಲೆಯ ಮೇಲೆ (ತನ್ನ ಎಲೆಯ ಮೇಲಲ್ಲ) ನಿರೂಪಿಸಿದನು. ಸ್ಟೆಪರ್ ಮೋಟರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆಯಂತೆ; ಡ್ರೈವರೆಂಬ ಪೆಟ್ಟಿಗೆ ಒಂದೊಂದು ಹೆಜ್ಜೆಯನ್ನೂ ಎಂಟು ಪಾಲು ಮಾಡುತ್ತದೆಯಂತೆ; ಮೋಟರಿಗೆ ಜೋಡಿಸಿದ ಬಾಲ್ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರು ಮುಂದೂಡುವುದರಿಂದ, ಮಿಲಿಮೀಟರೊಂದಕ್ಕೆ 320 ಹೆಜ್ಜೆಗಳಾದುವು. "ಲೆಕ್ಕ ಹಾಕಿ ನೋಡಿ, ಭಾವ" ಎಂದನು. ಲೆಕ್ಕ ಹಾಕುವಷ್ಟರಲ್ಲಿ ಹೋಳಿಗೆ ಮುಂದಿನ ಸಾಲಿಗೆ ಹೋಗಿತ್ತು. ಅದು ಮತ್ತೆ ಈ ಕಡೆಗೆ ತಿರುಗುವವರೆಗೆ ಅವನು ಕಥೆಯ ಪೂರ್ವಕಾಂಡಕ್ಕೆ ಹೋಗಿ, ಅಮೆರಿಕದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬಾತ ವಕ್ರರೇಖೆಯನ್ನು ಅಂಕಿಗಳ ಪಟ್ಟಿಯಾಗಿ ಯಂತ್ರಕ್ಕೆ ಉಣಿಸುವ ಉಪಾಯವನ್ನು ಯೋಚಿಸಿದ್ದನ್ನೂ, 1952ರಲ್ಲಿ ಎಂ.ಐ.ಟಿ.ಯ ವಿದ್ವಾಂಸರು ತೂತು ಹಾಕಿದ ಕಾಗದದ ಸುರುಳಿಯನ್ನು ಓದಿ ಲೋಹವನ್ನು ಕೊರೆಯುವ ಯಂತ್ರವನ್ನು ಲೋಕಕ್ಕೆ ತೋರಿಸಿದ್ದನ್ನೂ ವರ್ಣಿಸಿದನು. ಅಂದು ಒಂದು ಕೋಣೆಯನ್ನೇ ತುಂಬುವಂತಿದ್ದ ನಿಯಂತ್ರಣದ ಸಲಕರಣೆ ಇಂದು ಎಸ್.ಪಿ. ರಸ್ತೆಯಲ್ಲಿ ಅಂಗೈಯಗಲದ ಹಲಗೆಯಾಗಿ ಸಿಕ್ಕುತ್ತದೆಂಬುದು ಅವನ ಉಪಸಂಹಾರ. ಆ ಮಾತು ನಿಜ, ಅದರಲ್ಲಿ ರೋಮಾಂಚವೂ ಉಂಟು. ಮಜ್ಜಿಗೆ ಬಂದ ಮೇಲೆ ಅದು ನನಗೂ ಅನುಭವಕ್ಕೆ ಬಂತು.

ಇಷ್ಟು ಸೂಕ್ಷ್ಮವಾದ ಸಾಧನ ಯಾವುದರ ಮೇಲೆ ಪ್ರಯೋಗವಾಗಬೇಕು? ಮರದ ಮೇಲೆ. ಗೇಣಗಲದ ಹಲಗೆ ಮಳೆಗಾಲದಲ್ಲಿ ಎಳೆಗೆ ಅಡ್ಡಲಾಗಿ ಅರ್ಧ ಮಿಲಿಮೀಟರು ಉಬ್ಬಿ, ಬೇಸಗೆಯಲ್ಲಿ ಅಷ್ಟೇ ಕುಗ್ಗುವುದು ಯಾವ ಬಡಗಿಗಾದರೂ ಗೊತ್ತಿರುವ ವಿಷಯ. ನನ್ನ ಷಡ್ಡಕನಿಗೂ ಗೊತ್ತು. ಗೊತ್ತಿದ್ದೂ ಮಿಲಿಮೀಟರಿನ ನೂರನೆಯ ಒಂದಂಶಕ್ಕಾಗಿ ಅವನು ಅರ್ಧರಾತ್ರಿಯವರೆಗೆ ಷಿಮ್ಮೆಂಬ ಲೋಹದ ಹಾಳೆಗಳನ್ನು ಗ್ಯಾಂಟ್ರಿ ಓಡುವ ರೈಲಿನ ಕೆಳಗೆ ತುರುಕುತ್ತ ಕೂರುವುದನ್ನು ಕಂಡಾಗ, ಸಿದ್ಧಿಗಿಂತ ತಪಸ್ಸಿನಲ್ಲಿಯೇ ರುಚಿ ಹತ್ತಿದವರ ವರ್ಗಕ್ಕೆ ಇವನನ್ನು ಸೇರಿಸಬೇಕೆಂದು ತೋರುತ್ತದೆ. ಆ ವರ್ಗದಲ್ಲಿ ಕಾದಂಬರಿ ಬರೆಯುವುದಕ್ಕೆ ತಕ್ಕ ಲೇಖನಿಯನ್ನೂ ತಕ್ಕ ಕಾಗದವನ್ನೂ ಹುಡುಕುತ್ತ ವಯಸ್ಸನ್ನು ಕಳೆದ ನನ್ನಂಥವರಿಗೂ ಒಂದು ಮಣೆ ಇದ್ದೇ ಇರುವುದರಿಂದ ಈ ಪ್ರಸ್ತಾಪವನ್ನು ಬೆಳೆಸದಿರುವುದು ಲೇಸು.

ಈ ಯಂತ್ರದಿಂದ ಈವರೆಗೆ ಏನು ಉತ್ಪನ್ನವಾಗಿದೆಯೆಂದು ಕೇಳುವವರುಂಟು. ಉತ್ಪನ್ನವಾಗಿರುವುದು ಅದರದೇ ಅವಯವಗಳು. ಮೊದಲು ಪ್ಲೈವುಡ್ಡಿನಲ್ಲಿ ಕೈಯಿಂದ ಕೊಯ್ದು ಕಟ್ಟಿದ ಯಂತ್ರವಿತ್ತು. ಅದು ತನಗಿಂತ ನೆಟ್ಟಗಿನ ಮೋಟರು ಪಟ್ಟಿಗಳನ್ನು ಕೊರೆದುಕೊಟ್ಟಿತು. ಆ ಪಟ್ಟಿಗಳನ್ನು ತೊಟ್ಟು ಸುಧಾರಿಸಿದ ಯಂತ್ರ ಅಲ್ಯೂಮಿನಿಯಮ್ಮಿನ ತಗಡನ್ನು ಕೊರೆದು ಮತ್ತೊಂದು ಗ್ಯಾಂಟ್ರಿಗೆ ಭುಜಗಳನ್ನು ಒದಗಿಸಿತು. ಹೀಗೆ ಅದು ತನ್ನನ್ನು ತಾನೇ ಹಡೆಯುತ್ತ ಬಂದಿದೆಯೇ ಹೊರತು, ನಾದಿನಿ ಮದುವೆಯಾದ ಹೊಸದರಲ್ಲಿ ಕೇಳಿದ ದೇವರ ಮಂಟಪ ಇನ್ನೂ ಕಂಪ್ಯೂಟರಿನ ಪರದೆಯಿಂದ ಕೆಳಗಿಳಿದಿಲ್ಲ. ಪರದೆಯ ಮೇಲೆ ಅದು ಅತಿ ಸುಂದರವಾಗಿದೆ. ಹಬ್ಬದ ದಿನಗಳಲ್ಲಿ ತಿರುಗಿಸಿ ತಿರುಗಿಸಿ ತೋರಿಸುತ್ತಾನೆ. ಇತ್ತ ಎಂ.ಡಿ.ಎಫ್. ಹಲಗೆಯ ನುಣುಪು ಧೂಳು ಒಣಹಾಕಿದ ಸಂಡಿಗೆಯ ಮೇಲೂ, ತುಳಸಿಯ ಎಲೆಯ ಮೇಲೂ, ಒಮ್ಮೆ ಅಷ್ಟಮಿಯ ಕೋಡುಬಳೆಯ ಮೇಲೂ ಸಮದೃಷ್ಟಿಯಿಂದ ಕೂತಿದೆ. ಕಾರು ಷೆಡ್ಡನ್ನು ಬಿಟ್ಟು ಹೊಂಗೆಮರದ ಅಡಿಗೆ ವಲಸೆ ಹೋಗಿ, ಕಾಗೆಗಳ ಕೃಪೆಗೆ ಪಾತ್ರವಾಗಿದೆ.

ಇವೆಲ್ಲವೂ ಕ್ಷಮ್ಯ. ನನ್ನ ನಾಮಫಲಕದ ಸಂಗತಿ ಮಾತ್ರ ಬೇರೆ.

ನಿವೃತ್ತನಾದ ಮೇಲೆ ಮನೆಗೆ 'ವಿಶ್ರಾಂತಿ' ಎಂದು ಹೆಸರಿಡಬೇಕೆಂಬ ಆಸೆ ನನಗೆ ಬಂದದ್ದೂ, ಊರಿನ ಮನೆಯ ಬಾಗಿಲು ಕಳಚಿದಾಗ ಉಳಿಸಿಕೊಂಡಿದ್ದ ತೇಗದ ಹಲಗೆಯೊಂದು ಅಟ್ಟದ ಮೇಲೆ ಇದ್ದದ್ದೂ ಅವನ ಕಿವಿಗೆ ಬಿದ್ದುವು. "ಬಡಗಿಗೆ ಯಾಕೆ ಕೊಡ್ತೀರಿ, ಭಾವ? ಒಂದು ಗಂಟೆ ಕೆಲಸ" ಎಂದು ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಹೋದನು. ಮೊದಲ ವಿಘ್ನವನ್ನು ಕನ್ನಡವೇ ಒಡ್ಡಿತು: ಅವನ ತಂತ್ರಾಂಶಕ್ಕೆ ಒತ್ತಕ್ಷರದ ಸಂಸ್ಕಾರವಿಲ್ಲದೆ, ಅದು ಶಕಾರವನ್ನೂ ರಕಾರವನ್ನೂ ಅಕ್ಕಪಕ್ಕದಲ್ಲಿ ಕೂರಿಸಿ ಕೈತೊಳೆದುಕೊಂಡಿತು. ಅಕ್ಷರಗಳನ್ನು ಮತ್ತೊಂದು ತಂತ್ರಾಂಶದಲ್ಲಿ ಬರೆದು, ಬರೆದುದನ್ನು ಬರಿಯ ರೇಖೆಗಳಾಗಿ ಪರಿವರ್ತಿಸಿ ಇತ್ತ ಸಾಗಿಸುವ ವಿದ್ಯೆಯನ್ನು ಅವನು ಕಲಿಯುವಷ್ಟರಲ್ಲಿ ದಸರೆ ಹೋಗಿ ದೀಪಾವಳಿ ಬಂದಿತ್ತು.

ಕೊರೆಯುವ ದಿನ ನನಗೂ ಆಹ್ವಾನ ಬಂತು. ಆಹ್ವಾನವಷ್ಟೇ ಅಲ್ಲ, ಅಧಿಕಾರವೂ. ಯಂತ್ರದ ಮಗ್ಗುಲಲ್ಲಿ ನಾಯಿಕೊಡೆಯಾಕಾರದ ಕೆಂಪು ಗುಂಡಿಯೊಂದಿದೆ. ಒತ್ತಿದರೆ ಎಲ್ಲವೂ ನಿಂತುಹೋಗುತ್ತದೆ. "ಏನಾದ್ರೂ ಕೆಟ್ಟ ಶಬ್ದ ಬಂದ್ರೆ ಇದನ್ನ ಒತ್ತಿಬಿಡಿ" ಎಂದು ನನ್ನನ್ನು ಅಲ್ಲಿ ನಿಲ್ಲಿಸಿದನು. ಸ್ಪಿಂಡಲು ತಿರುಗಲಾರಂಭಿಸಿದ ಕ್ಷಣದಿಂದ ನನ್ನ ಕಿವಿಗೆ ಬಿದ್ದುದರಲ್ಲಿ ಕೆಟ್ಟದ್ದಲ್ಲದ ಶಬ್ದವೇ ಇರಲಿಲ್ಲ. ಅದರಲ್ಲಿ ಯಾವುದು ಸಹಜವಾದ ಕೆಟ್ಟದ್ದು, ಯಾವುದು ವಿಶೇಷವಾಗಿ ಕೆಟ್ಟದ್ದು ಎಂಬ ವಿವೇಚನೆಗೆ ಅಭ್ಯಾಸ ಬೇಕು. ಬೆರಳು ನಡುಗುತ್ತ ನಿಂತಿದ್ದೆ. ಆದರೂ, ಹೇಳಲೇಬೇಕು, ತೇಗದ ಮೈಯಿಂದ ಸುರುಳಿ ಸುರುಳಿಯಾಗಿ ಹೊಟ್ಟು ಎದ್ದು, ವಕಾರದ ಗುಡಿಸು ಒಂದಿಷ್ಟೂ ನಡುಗದೆ ಬಾಗಿ ಬಂದಾಗ ನನಗೂ ಕಣ್ಣು ತುಂಬಿತು. ಧೂಳೂ ಒಂದು ಕಾರಣವಿರಬಹುದು.

ದೊಡ್ಡ ಅಕ್ಷರಗಳು ಮುಗಿದುವು. ಒತ್ತು ಸಣ್ಣದಾದ್ದರಿಂದ ಅದಕ್ಕೆ ತೆಳುವಾದ ಬೇರೊಂದು ಬಿಟ್ಟನ್ನು ತೊಡಿಸಿದನು. ಆ ನಡುವೆ ಎಕ್ಸ್ ಅಕ್ಷದ ಮೋಟರನ್ನೂ ಸ್ಕ್ರೂವನ್ನೂ ಬೆಸೆಯುವ ಕಪ್ಲಿಂಗಿನ ಪುಟ್ಟ ಗ್ರಬ್ ಸ್ಕ್ರೂ ಸಡಿಲಿತ್ತು. ಮೋಟರು ತಿರುಗಿತು, ಸ್ಕ್ರೂ ಅಷ್ಟು ತಿರುಗಲಿಲ್ಲ. ಈ ಬಗೆಯ ಮೋಟರಿಗೆ ಹೇಳಿದಷ್ಟು ಹೆಜ್ಜೆ ಇಡುವುದು ಗೊತ್ತೇ ವಿನಾ, ಸೇರಬೇಕಾದಲ್ಲಿಗೆ ಸೇರಿದೆನೋ ಇಲ್ಲವೋ ಎಂದು ತಿಳಿಯುವ ಇಂದ್ರಿಯವಿಲ್ಲ. ಪೂರ್ಣವಾದ ಆತ್ಮವಿಶ್ವಾಸದಿಂದ ಅದು ಶಕಾರದ ಕೆಳಗಿರಬೇಕಾದ ಒತ್ತನ್ನು ಕೊನೆಯ ಅಕ್ಷರದ ಕೆಳಗೆ, ಅತ್ಯಂತ ರಮಣೀಯವಾಗಿ ಕೊರೆಯಿತು. 'ವಿಶಾಂತ್ರಿ' ಸಿದ್ಧವಾಯಿತು.

ಅವನು ವಿಷಾದಪಡುವನೆಂದು ಕಾದೆ. ಅವನು ವರ್ನಿಯರ್ ತಂದು, ಒತ್ತು ಎಷ್ಟು ದೂರ ತಪ್ಪಿದೆಯೆಂದು ಅಳೆದು, ಪುಸ್ತಕದಲ್ಲಿ ಬರೆದು, ಅದನ್ನು ಐದರಿಂದ ಭಾಗಿಸಿ, ಮುಖವರಳಿಸಿ, "ಭಾವ, ಒಳ್ಳೇದೇ ಆಯ್ತು! ಎಷ್ಟು ಸುತ್ತು ಜಾರಿದೆ ಅಂತ ಈಗ ಸರಿಯಾಗಿ ಗೊತ್ತಾಯ್ತು" ಎಂದನು. ಹಲಗೆ ಬೇರೆಯಿಲ್ಲದ್ದರಿಂದ ಅದನ್ನೇ ಗೇಟಿಗೆ ತೂಗುಹಾಕಿದ್ದೇನೆ. ವಿಶಾಂತ್ರಿ ನಿಮ್ಮ ಮನೆದೇವರೇ ಎಂದು ವಿಚಾರಿಸಿದವರಿಗೆ ನನ್ನ ಹೆಂಡತಿ ಹೌದೆನ್ನುತ್ತಾಳೆ.

ಅವನ ತಂದೆಯವರು ಜಾಲಹಳ್ಳಿಯ ಎಚ್.ಎಂ.ಟಿ.ಯಲ್ಲಿ ಫಿಟ್ಟರಾಗಿದ್ದವರು. ಎರಕದ ಬೆಡ್ಡಿನ ಮೇಲೆ ನೀಲಿ ಬಳಿದ ಸಮತಲದ ತಟ್ಟೆಯನ್ನು ಉಜ್ಜಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಕೈಯಿಂದ ಕೆರೆದು, ಮತ್ತೆ ಉಜ್ಜಿ, ಮತ್ತೆ ಕೆರೆದು ಲೇತುಗಳಿಗೆ ಸಮತೆ ಕೊಡುತ್ತಿದ್ದ ಕಾಲದ ಕೈಗಳು ಅವರವು. ಸಂಜೆಯ ಹೊತ್ತು ಷೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತು, ಗ್ಯಾಂಟ್ರಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ತಳ್ಳಿ ಸೆಳೆದು, "ಪ್ಲೇ ಇದೆ ಕಣೋ" ಎನ್ನುತ್ತಾರೆ. ಮಗ ನಂಬದೆ ಡಯಲ್ ಗೇಜನ್ನು ಕೂರಿಸುತ್ತಾನೆ, ಮುಳ್ಳು ಕದಲುತ್ತದೆ. "ಮೊದಲು ಬೆಡ್ ನೆಟ್ಟಗೆ ಮಾಡ್ಕೊ. ಮೇಲಿನ ಕುಣಿತ ಆಮೇಲೆ." ಮಗನಿಗೆ ಹಗಲೆಲ್ಲ ಆಫೀಸಿನಲ್ಲಿ ಕೈಗೆ ಸಿಕ್ಕದ ಏನನ್ನೋ ಬರೆಯುವ ಉದ್ಯೋಗ, ತಂದೆಗೆ ಎಂದೂ ಹೆಚ್ಚು ಮಾತಿಲ್ಲ. ಇಬ್ಬರೂ ಮನಸ್ಸು ಬಿಚ್ಚಿ ಜಗಳವಾಡುವುದನ್ನು ನಾನು ಕಂಡಿರುವುದು ಆ ಷೆಡ್ಡಿನಲ್ಲಿ ಮಾತ್ರ. ಹಿಂದೆ ಇದೇ ಮನೆಯಲ್ಲಿ ದೂರದರ್ಶನದ ಸದ್ದಿನ ಮರೆಯಲ್ಲಿ ಅವರು ಊಟ ಮುಗಿಸಿ ಎದ್ದುಹೋಗುತ್ತಿದ್ದುದು ನೆನಪಾದಾಗ, ಸಂಡಿಗೆಯ ಮೇಲಿನ ಧೂಳನ್ನು ಕುರಿತು ನಾದಿನಿ ಏಕೆ ಅಷ್ಟು ಮೆತ್ತಗೆ ಬಯ್ಯುತ್ತಾಳೆಂಬುದು ನನಗೆ ತಿಳಿಯುತ್ತದೆ.

ಅದಿರಲಿ. ಬೆಡ್ಡಿನ ವಿಷಯದಲ್ಲಿ ಮಗ ಈಗ ಸೋಲೊಪ್ಪಿದ್ದಾನೆ. ಹಳೆಯ ಯಂತ್ರವನ್ನು ಬಿಚ್ಚದೆಯೇ, ಉಕ್ಕಿನ ಚೌಕಟ್ಟನ್ನು ಪೀಣ್ಯದಲ್ಲಿ ವೆಲ್ಡು ಮಾಡಿಸಿ, ಎಂಟಡಿಗೆ ನಾಲ್ಕಡಿಯ ಇಡೀ ಪ್ಲೈವುಡ್ ಹಲಗೆ ಮಲಗುವಂಥ ಹೊಸ ಯಂತ್ರವನ್ನು ಕಟ್ಟುವುದೆಂದು ತಂದೆಮಕ್ಕಳಲ್ಲಿ ಒಪ್ಪಂದವಾಗಿದೆ. ಅದರ ತಗಡುಗಳನ್ನು ಹಳೆಯದು ಕೊರೆದುಕೊಡುತ್ತದೆ. ಎರಡಕ್ಕೂ ಅವರ ಷೆಡ್ಡು ಸಾಲದು. ಕಳೆದ ವಾರ ನಮ್ಮಲ್ಲಿಗೆ ಊಟಕ್ಕೆ ಬಂದವನು ಕೈತೊಳೆದುಕೊಂಡು, ನಮ್ಮ ಗೇಟಿನಿಂದ ಹಿತ್ತಿಲವರೆಗೆ ಹೆಜ್ಜೆ ಅಳೆಯುತ್ತ ನಡೆದು ಬಂದು, "ಭಾವ, ನಿಮಗೆ ಕಾರಿಲ್ಲವಲ್ಲ, ಈ ಷೆಡ್ಡು ಸುಮ್ಮನೆ ಬಿದ್ದಿದೆಯೇನು?" ಎಂದು ಕೇಳಿದನು. ಅದರಲ್ಲಿ ನನ್ನ ಹಳೆಯ ಪತ್ರಿಕೆಗಳ ಕಟ್ಟುಗಳಿವೆಯೆಂದು ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ ನನ್ನ ಹೆಂಡತಿ ಒಳಗಿನಿಂದ, "ಅವನ್ನೆಲ್ಲ ಗುಜರಿಗೆ ಹಾಕಿಬಿಡ್ತೀನಿ, ನೀವು ತಂದಿಡಿ" ಎಂದಳು.